ಬರಿಗಾಲು ಕಂಡರೆ ಆಗದವರು

"ಕಾಲು ಹಿಂದಕ್ಕೆ ತಗೊಳ್ಳೋ! ಕಣ್ಣೆದುರಿಗೇ ಇಟ್ಕೊಂಡು ನಿಂತಿದ್ದಾನೆ ನೋಡು."

ಮ್ಯಾನೇಜರ್ ಮೂಗು ಮುರಿದ. ಕಿಡಿ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೇಕೆಂದೇ ಇನ್ನೊಂದು ಹೆಜ್ಜೆ ಮುಂದಿಟ್ಟ. ಅಂಟು ಮೆತ್ತಿ ಕಪ್ಪಾದ ಹತ್ತು ಬೆರಳೂ ಆಫೀಸಿನ ಬಿಳಿ ನೆಲದ ಮೇಲೆ ಮೆರೆದವು.

ಅವನಿಗೆ ಮನೆಯಲ್ಲಿಟ್ಟ ಹೆಸರು ಬೇರೆ. ಮಾತಿಗಿಂತ ಮುಂಚೆ ಸಿಟ್ಟು ಸಿಡಿಯುವುದರಿಂದ ಕಾರ್ಖಾನೆಯಲ್ಲಿ ಎಲ್ಲರಿಗೂ ಕಿಡಿ. ಶಾಲೆಯನ್ನು ಏಳನೇ ಕ್ಲಾಸಿಗೇ ಬಿಟ್ಟವನು. ಈಗ ಇಪ್ಪತ್ತೆರಡು.

ಅಲ್ಲಿ ತಯಾರಾಗುತ್ತಿದ್ದುದು ಬೂಟು. ಮೂತಿಗೆ ಕಬ್ಬಿಣದ ಟೊಪ್ಪಿಗೆ ಕೂರಿಸಿದ, ಬಂಡೆ ಉರುಳಿದರೂ ಬೆರಳು ಉಳಿಸುವ ಬೂಟು. ಅದನ್ನು ಮಾಡುವವರಿಗೆ ಮಾತ್ರ ಬರಿಗಾಲು. ಬೆಳಿಗ್ಗೆ ಗೇಟಿನಲ್ಲೇ ಚಪ್ಪಲಿ ಬಿಡಿಸುತ್ತಿದ್ದರು. ಇಲ್ಲದಿದ್ದರೆ ಹಳೆಯದನ್ನು ಒಳಗೆ ಬಿಟ್ಟು, ಹೊಸದನ್ನು ಮೆಟ್ಟಿಕೊಂಡು ಹೋಗಿಬಿಟ್ಟಾರು ಎಂಬ ಭಯ. ಹಾಗೆ ಬರಿಗಾಲಲ್ಲಿ ನಿಂತಿದ್ದಾಗಲೇ, ಕಳೆದ ತಿಂಗಳು, ಅಟ್ಟೆ ಕತ್ತರಿಸುವ ಕಬ್ಬಿಣದ ಅಚ್ಚು ಜಾರಿ ಕಿಡಿಯ ದೊಡ್ಡಪ್ಪನ ಬಲಗಾಲಿನ ಮೇಲೆ ಬಿತ್ತು. ಮೂರು ಬೆರಳು ಹೋದವು.

ತಪ್ಪು ಯಾರದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಕಾರ್ಖಾನೆಯದು ಎಂದಾದರೆ ದೊಡ್ಡಪ್ಪನಿಗೆ ಕೂತು ಮಾಡುವ ಕೆಲಸ ಕೊಡಲೇಬೇಕು. ಅವನದೇ ಎಂದಾದರೆ ಮನೆಯ ದಾರಿ. ಅಪ್ಪ ಸತ್ತ ಮೇಲೆ ತನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮನುಷ್ಯ ಈಗ ಗೋಡೆ ಹಿಡಿದು ನಡೆಯುವುದನ್ನು ನೋಡಿದಾಗಲೆಲ್ಲ ಕಿಡಿಗೆ ಮೈಯೆಲ್ಲ ಉರಿ.

"ನಾಳೆ ದೊಡ್ಡವರು ಬರ್ತಾರೆ" ಎಂದ ಮ್ಯಾನೇಜರ್. "ಕೆಲವರಿಗೆ ಬರಿಗಾಲು ಕಂಡ್ರೆ ಆಗಲ್ಲ ಕಣೋ. ಒಡೆದ ಹಿಮ್ಮಡಿ, ಕಪ್ಪು ಉಗುರು... ಹೊಟ್ಟೆ ತೊಳಸುತ್ತೆ." ಮಾತಾಡುತ್ತಲೇ ಅವನ ಹೆಬ್ಬೆರಳು ಮೇಜಿನ ಮೇಲಿದ್ದ ತಾರೀಕಿನ ಮೊಹರಿನ ಪುಟ್ಟ ಚಕ್ರಗಳನ್ನು ಕಿರಕಿರ ತಿರುಗಿಸುತ್ತಿತ್ತು.

"ನಮ್ಮ ಕಾಲು ಕಂಡ್ರೆ ತೊಳಸುತ್ತೆ. ನಮ್ಮ ಕೈ ಮಾಡಿದ್ದನ್ನ ಮೆಟ್ಕೊಳ್ಳೋವಾಗ ತೊಳಸಲ್ವಾ ಸಾರ್?"

ಕಿಡಿಗೆ ಇದು ಹೊಸದಲ್ಲ. ಉಂಗುಷ್ಟ ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸು ಹತ್ತಿದ ದಿನ, ಪಕ್ಕದವನು ಕೆಳಗಿದ್ದ ಚೀಲವನ್ನು ಸರಕ್ಕನೆ ಮಡಿಲಿಗೆತ್ತಿಕೊಂಡಿದ್ದ, ಕಾಲಿಗೆ ಹಲ್ಲಿವೆಯೇನೋ ಎಂಬಂತೆ. ಕೊಳೆಗೆ ಹೇಸುವುದಿಲ್ಲ ಈ ಜನ. ಕಾಲು ಎಲ್ಲೆಲ್ಲಿ ನಿಂತು ಏನೇನು ಪಟ್ಟಿತು ಎಂಬುದೆಲ್ಲ ಅದರ ಮೇಲೇ ಬರೆದಿರುತ್ತದೆ. ಅದನ್ನು ಓದಲು ಹೆದರುತ್ತಾರೆ.

"ಅದಕ್ಕೇ ಎಲ್ಲರಿಗೂ ಒಂದೊಂದು ಜೊತೆ ಬೂಟು. ವಾಪಸ್ ಕೇಳಲ್ಲ, ನಿಮಗೇ" ಎಂದು ಮ್ಯಾನೇಜರ್ ಹಾಳೆಯೊಂದನ್ನು ಮುಂದೆ ತಳ್ಳಿದ. "ನೀನು ಸಹಿ ಹಾಕಿದ್ರೆ ಎಲ್ಲರೂ ಹಾಕ್ತಾರೆ. ತಾರೀಕು ನಾವು ಒತ್ಕೋತೀವಿ."

ಕಿಡಿ ಒಂದೊಂದೇ ಅಕ್ಷರ ಕೂಡಿಸಿ ಓದಿದ. 'ಕಬ್ಬಿಣದ ಮೂತಿಯ ಬೂಟು, ಒಂದು ಜೊತೆ, ಮುಟ್ಟಿದೆ.' ಅಷ್ಟೇ. ಮೋಸವಿರಲಿಲ್ಲ. ಕೆಳಗೆ ಹೆಸರುಗಳು. ಮೂರನೆಯ ಸಾಲಿನಲ್ಲಿ ದೊಡ್ಡಪ್ಪನ ಹೆಸರೂ ಟೈಪಾಗಿತ್ತು. ಹೊಡೆದುಹಾಕಲು ಮರೆತಿದ್ದಾರೆ, ಕಳ್ಳರು. ಅದನ್ನೇ ಹಿಡಿದ.

"ನಮ್ಮ ದೊಡ್ಡಪ್ಪನಿಗೂ ಒಂದು ಜೊತೆ ಕೊಡ್ಬೇಕು. ಇಲ್ದಿದ್ರೆ ಒಬ್ಬರೂ ಸಹಿ ಹಾಕಲ್ಲ."

ಮ್ಯಾನೇಜರ್ ಕಿಟಕಿಯ ಕಡೆ ನೋಡಿದ. ತಲೆ ಕೆರೆದುಕೊಂಡ. ನಿಟ್ಟುಸಿರು ಬಿಟ್ಟ.

"ನಿನ್ನ ಹಟಕ್ಕೆ ಯಾರಪ್ಪ ಎದುರು? ಆಗಲಿ. ಹೋಗಿ ಅವನ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ."

ಬೂಟು ಹಂಚುವಾಗ ಕಿಡಿ ಮತ್ತೆ ಉರಿದುಬಿದ್ದ. ಒಂದೂ ಹೊಸದಿರಲಿಲ್ಲ. ಮೂತಿ ತರಚಿತ್ತು, ಅಟ್ಟೆ ಸವೆದಿತ್ತು, ಹೊಲಿಗೆಯ ಸಂದಿಯಲ್ಲೆಲ್ಲ ಧೂಳು.

"ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತಾರೆ" ಎಂದಳು ಹೊಲಿಗೆಯ ಅಕ್ಕ, ಬೂಟನ್ನು ತಿರುಗಿಸಿ ನೋಡುತ್ತ. "ಆದ್ರೂ ಇದು ಗೋಡೌನಲ್ಲಿ ಬಿದ್ದಿದ್ದ ಮಾಲಲ್ಲ ಕಣೋ ತಮ್ಮಾ. ಯಾರೋ ಕೂತು ಉಜ್ಜಿ ಸವೆಸಿದ್ದಾರೆ."

"ಎಂಜಲೋ ಗಿಂಜಲೋ, ಕಿತ್ಕೊಂಡೆವಲ್ಲ ಅಕ್ಕಾ! ಹಾಕು ಸಹಿ."

ಅವಳು ಹಾಕಿದಳು. ಎಲ್ಲರೂ ಹಾಕಿದರು.

ಸಂಜೆ ದೊಡ್ಡಪ್ಪ ಹಾಸಿಗೆಯಲ್ಲಿ ಕೂತು ಬೂಟು ನೋಡಿ ನಕ್ಕ. "ಒಂದೂವರೆ ಕಾಲಿಗೆ ಎರಡು ಬೂಟು ಯಾಕೋ? ಮಿಕ್ಕಿದ ಜಾಗದಲ್ಲಿ ನಿನ್ನ ಸಿಟ್ಟು ಇಟ್ಕೋ." ಕಿಡಿ ನಗಲಿಲ್ಲ. ಆ ಒರಟು ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ, ಹೆಸರಿನ ಮುಂದೆ ಗಟ್ಟಿಯಾಗಿ ಒತ್ತಿದ. ವರ್ಷಗಳಲ್ಲಿ ಮೊದಲ ಸಲ ಗೆದ್ದ ಹಾಗನ್ನಿಸಿತು.

ಮಾರನೆಯ ದಿನ ಬಂದವರು ಒಬ್ಬರೇ. ಬೂದು ಕೋಟಿನ ಹೆಂಗಸು, ಕಂಕುಳಲ್ಲಿ ಫೈಲು. ಸಾಲಾಗಿ ನಿಂತವರ ಮುಖ ನೋಡಲಿಲ್ಲ, ಕಾಲುಗಳನ್ನೇ ನೋಡುತ್ತ ಬಂದರು. ಕಿಡಿಯ ಮುಂದೆ ನಿಂತರು.

"ಅಚ್ಚು ಬಿದ್ದು ಒಬ್ಬರ ಕಾಲ್ಬೆರಳು ಹೋದ್ವಲ್ಲ, ಅದರ ವಿಚಾರಣೆಗೆ ಬಂದಿರೋದು ನಾನು. ಅವರು ನಿಮಗೆ ಸಂಬಂಧ ಅಂತ ಹೇಳಿದ್ರು. ಏನಾಗ್ಬೇಕು?"

ಕಿಡಿ ನೆಟ್ಟಗೆ ನಿಂತ. ಅಂತೂ ಕೇಳುವವರು ಒಬ್ಬರು ಬಂದರು! "ನಮ್ಮ ದೊಡ್ಡಪ್ಪ ಮೇಡಂ."

ಅವರು ಫೈಲು ಬಿಚ್ಚಿದರು. "ಈ ಮೊದಲ ಸಹಿ ನಿಮ್ಮದೇನಾ?"

"ನಂದೇ. ಎಲ್ಲರಿಗಿಂತ ಮೊದಲು ಹಾಕಿದ್ದೇ ನಾನು."

"ಈ ಹೆಬ್ಬೆಟ್ಟು?"

"ದೊಡ್ಡಪ್ಪಂದು. ನಾನೇ ಕೈ ಹಿಡಿದು ಒತ್ತಿಸ್ದೆ."

"ಅಂದ್ರೆ ಬೂಟು ಅವರಿಗೆ ನಿಜವಾಗ್ಲೂ ಮುಟ್ಟಿದೆ?"

"ಜಗಳ ಆಡಿ ಮುಟ್ಟಿಸಿದ್ದೀನಿ ಮೇಡಂ!" ಕಿಡಿ ಮ್ಯಾನೇಜರನ ಮುಖ ನೋಡಿಯೇ ಕೂಗಿ ಹೇಳಿದ. ಮ್ಯಾನೇಜರ್ ನೆಲ ನೋಡುತ್ತಿದ್ದ.

ಹೆಂಗಸು ಪೆನ್ನಿನ ಮುಚ್ಚಳ ಹಾಕಿದರು. ದನಿ ಮೆತ್ತಗಾಯಿತು. "ಮತ್ತೆ ಅವತ್ತು ಯಾಕಪ್ಪ ಹಾಕ್ಕೊಂಡಿರ್ಲಿಲ್ಲ ಅವರು?"

"ಯಾವತ್ತು?"

ಅವರು ಹಾಳೆಯನ್ನು ಅವನ ಕಡೆ ತಿರುಗಿಸಿದರು. ಪ್ರತಿ ಹೆಸರಿನ ಮುಂದೆಯೂ, ಖಾಲಿ ಬಿಟ್ಟಿದ್ದ ಜಾಗದಲ್ಲಿ, ನೇರಳೆ ಶಾಯಿಯ ಮೊಹರು ಅಚ್ಚುಕಟ್ಟಾಗಿ ಬಿದ್ದಿತ್ತು: ದೊಡ್ಡಪ್ಪನ ಬೆರಳು ಹೋಗುವುದಕ್ಕೆ ಒಂದು ವರ್ಷ ಹಿಂದಿನ ತಾರೀಕು.