ಎದುರು ಹೋಟೆಲಿನ ಊರುಗೋಲುಗಳು

ಬಿಸಿನೀರ ಬುಗ್ಗೆಯಲ್ಲಿ ಮಿಂದು ಮಂಡಿನೋವು ವಾಸಿಯಾದವರು ತಮ್ಮ ಊರುಗೋಲನ್ನು ಹೋಟೆಲಿನಲ್ಲೇ ಬಿಟ್ಟುಹೋಗುವುದು ಆ ಊರಿನ ನೂರು ವರ್ಷದ ವಾಡಿಕೆ. ಏಳು ಮಹಾರಾಜರು ಇಳಿದುಕೊಂಡು ಹೋಗಿದ್ದ ದೂಮಣ್ಣ ಶೆಟ್ಟರ ಹೋಟೆಲಿನ ಗೋಡೆಯಲ್ಲಿ ತೂಗುತ್ತಿದ್ದದ್ದು ಮೂರೇ ಕೋಲು. ಎದುರು ಹೋಟೆಲಿನಲ್ಲೋ, ಒಂದು ಕಾಡನ್ನೇ ಕಡಿದು ನೇತುಹಾಕಿದಷ್ಟು! ನೋಡಿ ನೋಡಿ ಶೆಟ್ಟರ ಹೊಟ್ಟೆ ಬುಗ್ಗೆಗಿಂತ ಜೋರಾಗಿ ಕುದಿಯುತ್ತಿತ್ತು.

"ಎಲ್ಲ ಬೋಗಸ್ಸು! ಕೋಲುಗಳನ್ನು ಸಂತೆಯಿಂದ ತಂದು ತೂಗುಹಾಕಿದ್ದಾನೆ. ಇವತ್ತು ಬಯಲು ಮಾಡ್ತೇನೆ" ಎಂದು ಮುಖಕ್ಕೆ ಮಫ್ಲರ್ ಸುತ್ತಿಕೊಂಡು, ವರ್ಷಗಳಿಂದ ಕಾಡುತ್ತಿದ್ದ ಮಂಡಿನೋವಿಗೆ ಕೋಲೂರಿ ಕುಂಟುತ್ತಾ ಅಲ್ಲಿಗೆ ಹೋಗಿ, ಅಲ್ಲಿನ ಬುಗ್ಗೆಯಲ್ಲಿ ಒಂದು ತಾಸು ಮಿಂದರು.

ಆಮೇಲೆ ದಡದಡನೆ ಮೆಟ್ಟಿಲು ಹತ್ತಿ ಬಂದು ಹೆಂಡತಿಯೆದುರು ಗುಡುಗಿದರು: "ನಾನು ಹೇಳಿರ್ಲಿಲ್ವೇನೇ? ಬರೀ ಬಿಸಿನೀರು! ಎಳ್ಳಷ್ಟೂ ಗುಣ ಇಲ್ಲ!"

"ಅದಿರ್ಲಿ," ಎಂದಳು ಹೆಂಡತಿ, "ನಿಮ್ಮ ಕೋಲೆಲ್ಲಿ ರೀ?"