ಕೆಂಪಾದ ಹಸಿರು

ದುರ್ಗಾಂಬಿಕಾ ಮೇಡಂ ಟಾರ್ಚ್ ಹಾಕಿದ್ದೇ ತಡ, ಗಾಜಿನ ನಳಿಕೆಯಲ್ಲಿದ್ದ ಪಾಚಿಯ ಹಸಿರು ರಸ ರಕ್ತದ ಹಾಗೆ ಕೆಂಪಗೆ ಹೊಳೆಯಿತು. ನಳಿಕೆ ಹಿಡಿದು ನಿಂತಿದ್ದವಳು ಲ್ಯಾಬ್ ಅಟೆಂಡರ್ ಲಕ್ಷ್ಮೀದೇವಿ. ಸೊಕ್ಕೆ ಕೆರೆಯ ಆ ಪಾಚಿಗೆ ಸ್ಪಿರಿಟ್ ಹಾಕಿ, ನುಣ್ಣಗೆ ಅರೆದು ಸೋಸಿದವಳು ಅವಳೇ. ತನ್ನ ತಿಂಗಳ ಕೂಸನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಮನೆಯಲ್ಲಿ ಕೂತರೆ ಕಣ್ಣು ತೊಟ್ಟಿಲ ಕಡೆಗೇ ಹೋಗುತ್ತದೆಂದು ಇವತ್ತು ಜಗಳೂರಿನ ಕಾಲೇಜಿಗೆ ಮರಳಿದ್ದಳು.

"ಹಸಿರು ಯಾಕೆ ಕೆಂಪಾತು ಮೇಡಂ?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಜೀವ ಇದ್ದಾಗ ಪಾಚಿಯೊಳಗಿನ ಹಸಿರು ಬಿಸಿಲು ಹಿಡಿದು ಒಳಗೆ ದಾಟಿಸ್ತೈತೆ. ಅದರಿಂದಲೇ ಪಾಚಿಗೆ ಅನ್ನ. ನಾವು ಅರೆದು ಒಳಗಿನದೆಲ್ಲ ಹಾಳು ಮಾಡೀವಿ. ಆದ್ರೂ ಈ ಹಸಿರು ರಸ ಬೆಳಕು ಹಿಡಿಯೋದು ಬಿಡಲ್ಲ. ತಗೊಳ್ಳೋರಿಲ್ಲ ನೋಡ್ರಿ, ಅದಕ್ಕೆ ಹಿಂಗೆ ಕೆಂಪಾಗಿ ಹೊರಗೆ ಸುರೀತೈತೆ."

ಲಕ್ಷ್ಮೀದೇವಿಯ ಕಣ್ಣು ನಳಿಕೆಯಿಂದ ಕದಲಲಿಲ್ಲ. ಹಾಲು ಬತ್ತಲೆಂದು ಅತ್ತೆ ಬೆಳಿಗ್ಗೆ ಅವಳ ಎದೆಗೆ ಮಲ್ಲಿಗೆ ಹೂ ಕಟ್ಟಿ ಕಳಿಸಿದ್ದರು. ಹುಡುಗಿ ಅವಳತ್ತ ಬಾಗಿ ಪಿಸುಗುಟ್ಟಿದಳು: "ಅಕ್ಕಾ, ಮಲ್ಲಿಗೆ ಘಮ ಅಂತೈತೆ. ತಲ್ಯಾಗೆ ಹೂವೇ ಇಲ್ವಲ್ಲ?"

ಲಕ್ಷ್ಮೀದೇವಿಯ ಕುಪ್ಪಸ ಬೆಚ್ಚಗೆ ಒದ್ದೆಯಾಗತೊಡಗಿತ್ತು. ಇನ್ನೊಂದು ಕೈಯಿಂದ ಸೆರಗನ್ನು ಎದೆಯ ತುಂಬ ಎಳೆದುಕೊಂಡು, ಕೆಂಪಗೆ ಸುರಿಯುತ್ತಲೇ ಇದ್ದ ನಳಿಕೆಯನ್ನು ನೋಡುತ್ತ ಅಂದಳು: "ಟಾರ್ಚ್ ಆರಿಸ್ರಿ, ಮೇಡಂ."