ಬಾಗಿಲಾಚೆಯ ದನಿ

“ಅಮ್ಮಾ, ಬಂದೆ ಕಣೆ,” ಎಂದು ಅವನು ಬಾಗಿಲಾಚೆ ನಿಂತು, ಸತ್ತ ಗೆಳೆಯನ ದನಿಯಲ್ಲಿ ಕೂಗಿದ. ಕಾಲೇಜಿನಲ್ಲಿ ಗೆಳೆಯ ಚಕ್ಕರ್ ಹೊಡೆದಾಗಲೆಲ್ಲ ಅವನ ಹಾಜರಿ ಹೇಳುತ್ತಿದ್ದುದು ಇದೇ ದನಿಯಲ್ಲಿ. ಒಬ್ಬ ಮೇಷ್ಟರಿಗೂ ಗೊತ್ತಾಗಿರಲಿಲ್ಲ.

ಗೆಳೆಯನ ತಾಯಿಗೆ ಮರೆವಿನ ಕಾಯಿಲೆ. ಮಗ ಸತ್ತನೆಂದು ಹೇಳಿದಾಗಲೆಲ್ಲ ಹೊಸದಾಗಿ ಅತ್ತು, ಆಮೇಲೆ ಅದನ್ನೂ ಮರೆತು, ಮತ್ತೆ ಅವನಿಗಾಗಿ ಕಾಯುತ್ತ ಊಟ ಬಿಡುತ್ತಿದ್ದಳು. “ಒಂದ್ಸಲ ಅವನ ಥರ ಮಾತಾಡಿ ಅಣ್ಣ, ಎರಡು ತುತ್ತಾದ್ರೂ ತಿಂತಾಳೆ,” ಎಂದು ಗೆಳೆಯನ ತಂಗಿ ಬೇಡಿಕೊಂಡಿದ್ದಳು.

“ಬಂದ್ಯಾ ಕತ್ತೆ? ಮುಖ ತೊಳ್ಕೊಂಡು ಬಾ,” ಎಂದಳು ತಾಯಿ. ತಟ್ಟೆಗೆ ಚಮಚ ತಾಗುವ ಸದ್ದು ಕೇಳಿಸಿತು. ಸತ್ತ ಅಣ್ಣನ ದನಿ ಕೇಳಿದ ತಂಗಿ ಗೋಡೆಗೆ ಮುಖ ಒತ್ತಿಕೊಂಡು ನಿಂತಿದ್ದಳು. ಒಳಗಿಂದ ತಾಯಿ ಮತ್ತೆ ಕೇಳಿದಳು, “ನಿನ್ನ ಬಾಲ ಎಲ್ಲೋ? ಯಾವಾಗ್ಲೂ ಜೊತೇಲೇ ಇರ್ತಿದ್ನಲ್ಲ, ಆ ಗೂಬೆ?”

ಗೂಬೆ ಎಂದರೆ ಬಾಗಿಲಾಚೆ ನಿಂತಿದ್ದ ಅವನೇ. ಬಂದಿದ್ದಾನೆ ಎಂದರೆ ಒಳಗೆ ಹೋಗಿ ಮುಖ ತೋರಿಸಬೇಕು. ಬಂದಿಲ್ಲ ಎನ್ನಲು ಬಾಯಿ ತೆರೆದ. ಆದರೆ ಆ ಮನೆಯಲ್ಲಿ ಈಚೆಗೆ ಎಲ್ಲರೂ ಅದುಮಿಟ್ಟಿದ್ದ ಮಾತು ಹೊರಬಿತ್ತು. “ಅವನು ತೀರ್ಹೋದ ಅಮ್ಮಾ.”

ಚಮಚದ ಸದ್ದು ನಿಂತಿತು. ತಟ್ಟೆ ದೂರ ಸರಿಯಿತು.

“ನಾನಿಲ್ಲಿ ತಿಂತಾ ಕೂತಿದೀನಲ್ಲೋ. ಅವರಮ್ಮನ ಹತ್ರ ಯಾರಿದಾರೆ ಮಗಾ?”